ಲದ್ದಿಯ ಹೊರಮೈ

ಕೊಲ್ಲಮೊಗ್ರಿನ ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಹಾಲು ಅಳೆಯುವುದು ಬೇಗ ಮುಗಿಯುತ್ತದೆ, ಮಾತು ಮುಗಿಯುವುದು ತಡ. ಆ ಚಳಿಗಾಲದಲ್ಲಿ ಮಾತಿಗೆ ಸಿಕ್ಕಿದವಳು ಸೇವಂತಿ. ಅವಳ ಮಗಳು ಭವಿತಾ ಯೂನಿವರ್ಸಿಟಿಯಲ್ಲಿ ಮಾಲಿಕ್ಯುಲರ್ ಬಯಾಲಜಿ ಎಂಎಸ್ಸಿಯ ಕೊನೆಯ ವರ್ಷದಲ್ಲಿದ್ದಳು. ತಾಯಿ ಮಗಳಿಗಾಗಿ ಆನೆಯ ಲದ್ದಿ ಹೆಕ್ಕುತ್ತಿದ್ದಾಳೆಂಬ ಸುದ್ದಿ ಅವಳ ಹಾಲಿನ ಕ್ಯಾನಿಗಿಂತ ಮೊದಲೇ ಸೊಸೈಟಿ ಮುಟ್ಟಿತ್ತು.

“ಸೇವಂತಕ್ಕಾ, ಇಷ್ಟು ವರ್ಷ ಶಾಲೆಗೆ ಕಳಿಸಿದ್ದು ಲದ್ದಿ ಹೆಕ್ಕುದಕ್ಕಾ?” ಎಂದು ಕೇಳಿದವನು ತೀರ್ಥರಾಮ. ಅವನ ಜಾಗ ಇವರ ಜಾಗಕ್ಕೆ ತಾಗಿಕೊಂಡೇ ಇದೆ. ಒಂದು ಪಿಕಪ್ ಇಟ್ಟುಕೊಂಡು ಊರಿನವರ ಗೊಬ್ಬರ, ಸಿಮೆಂಟು ಹೇರುತ್ತಾನೆ. ತಮಾಷೆಗೂ ಅವನೇ ಮುಂದೆ, ಯಾರಿಗಾದರೂ ಹಾವು ಕಚ್ಚಿದರೆ ಸುಳ್ಯಕ್ಕೆ ಓಡಿಸುವುದಕ್ಕೂ ಅವನೇ ಮುಂದೆ.

“ನಿಮ್ಮ ಹಟ್ಟಿಯ ಸೆಗಣಿ ಬಾಚಲಿಕ್ಕೆ ಎಂಎಸ್ಸಿ ಬೇಡ ತೀರ್ಥರಾಮಣ್ಣ. ಆನೆದಕ್ಕೆ ಬೇಕು.”

“ಅಲ್ಲ ಮಾರಾಯ್ತಿ, ಇದನ್ನು ಕಲ್ತು ಕಡೆಗೆ ಎಂತ ಆಗುದು? ಡಾಕ್ಟ್ರಾ?”

“ಅಲ್ಲ.”

“ಟೀಚರಾ?”

“ಆಗ್ಬಹುದು. ಆಗದೆಯೂ ಇರ್ಬಹುದು.”

“ಮತ್ತೆ ಎಂತದು?”

ನರ್ಸಿಂಗ್ ಕಲಿತರೆ ನರ್ಸ್, ಬಿ.ಎಡ್ ಮಾಡಿದರೆ ಮೇಷ್ಟ್ರು, ಇದು ಹಾಗಲ್ಲ. ಭವಿತಾಳ ಕ್ಲಾಸಿನವರು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದರು. ಒಬ್ಬಳು ಮಂಗಳೂರಿನ ಆಸ್ಪತ್ರೆಯ ಲ್ಯಾಬಿಗೆ, ಇನ್ನೊಬ್ಬಳು ಲಸಿಕೆ ಮಾಡುವ ಕಂಪೆನಿಗೆ, ಒಬ್ಬ ಕಂಪ್ಯೂಟರ್ ಎದುರು ಕೂತು ಅಮೆರಿಕದ ರೋಗಿಗಳ ಕಾಯಿಲೆಗೆ ನಂಬರ್ ಹಾಕುವ ಕೆಲಸಕ್ಕೆ. ಜಾಲ್ಸೂರಿನ ಫಾಝಿಲ್ ಶಾರ್ಜಾಕ್ಕೆ ಹೊರಟಿದ್ದ. ಅಲ್ಲಿ ಬಂದರಿಗೆ ಬಂದ ಮೀನು ಪೆಟ್ಟಿಗೆಯ ಮೇಲೆ ಬರೆದ ಜಾತಿಯದ್ದೇ ಹೌದೋ ಅಲ್ಲವೋ ಎಂದು ಡಿಎನ್‌ಎ ನೋಡಿ ಹೇಳುವುದಂತೆ. “ಮೀನು ನೋಡಿದರೆ ಗೊತ್ತಾಗುದಿಲ್ವಾ ಅವನಿಗೆ?” ಎಂದು ಸೇವಂತಿ ಕೇಳಿದ್ದಕ್ಕೆ ಭವಿತಾ, “ತಲೆ ತೆಗೆದು ಚರ್ಮ ಸುಲಿದ ಮೇಲೆ ಯಾರಿಗೂ ಗೊತ್ತಾಗುದಿಲ್ಲ ಅವ್ವ,” ಎಂದಿದ್ದಳು.

ಭವಿತಾಳಿಗೆ ಬೇಕಾದದ್ದು ಇವು ಯಾವುದೂ ಅಲ್ಲ. ಕಾಡುಪ್ರಾಣಿಗಳ ಡಿಎನ್‌ಎ ನೋಡುವ ಲ್ಯಾಬೊಂದು ಹೈದರಾಬಾದಿನಲ್ಲಿ ಇತ್ತು. ಅವಳ ಗೈಡ್ ಮೇಡಂಗೆ ಅಲ್ಲಿಯವರ ಪರಿಚಯ. ಘಟ್ಟದ ಬುಡದಲ್ಲಿ ಓಡಾಡುವ ಆನೆಗಳು ಎಷ್ಟು, ಗಂಡೆಷ್ಟು, ಹೆಣ್ಣೆಷ್ಟು ಎಂದು ಆನೆಯನ್ನು ನೋಡದೆ, ಲದ್ದಿಯಿಂದಲೇ ತಿಳಿಯುವ ಹೊಸ ಪ್ರಾಜೆಕ್ಟಿಗೆ ಅವರಿಗೆ ಜನ ಬೇಕಿತ್ತು. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಅದನ್ನೇ ಸಣ್ಣದಾಗಿ ಮಾಡಿ ತೋರಿಸಿದರೆ ನಿನ್ನ ಹೆಸರು ಹೇಳುತ್ತೇನೆ, ಆಮೇಲೆ ಪಿಎಚ್‌ಡಿಗೂ ದಾರಿಯಾಗುತ್ತದೆ ಎಂದು ಮೇಡಂ ಹೇಳಿದ್ದರು. ಅರಣ್ಯ ಇಲಾಖೆಯ ಅನುಮತಿಯನ್ನೂ ಅವರೇ ತರಿಸಿಕೊಟ್ಟರು.

ಸೇವಂತಿಯ ಮನಸ್ಸು ಬೇರೆ ಕಡೆ ಇತ್ತು. ಗಂಡ ದೇರಣ್ಣನ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಪುತ್ತೂರಿಗೆ ಹೋದಾಗ ಲ್ಯಾಬಿನ ಉಲ್ಲಾಸ್ ಹತ್ತಿರ ಅವಳು ಮಗಳ ಸಂಗತಿ ತೆಗೆದಿದ್ದಳು. ಉಲ್ಲಾಸ್ ದೂರದ ಸಂಬಂಧಿ. ಕೊರೊನಾ ಕಾಲದಲ್ಲಿ ತಂದ ಪಿಸಿಆರ್ ಮೆಷಿನಿಗೆ ಬಟ್ಟೆ ಹೊದೆಸಿ ಇಟ್ಟಿದ್ದ. ಅದನ್ನು ನಡೆಸುವವರು ಸಿಕ್ಕಿದರೆ ಇಲಿಜ್ವರ, ಕ್ಷಯ, ಎಲ್ಲದರ ಟೆಸ್ಟನ್ನೂ ಇಲ್ಲೇ ಮಾಡಬಹುದು ಎಂದ. “ಪರೀಕ್ಷೆ ಮುಗಿಸಿ ಬರ್ಲಿ ಅಕ್ಕ. ಜೂನಿನಿಂದ ಸೀಟು ಅವಳಿಗೇ,” ಎಂದು ಮಾತು ಕೊಟ್ಟ. ವಾರವಿಡೀ ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಮನೆ. ಸೇವಂತಿಗೆ ಅದರಲ್ಲಿ ಒಂದೇ ಒಂದು ಕುಂದೂ ಕಾಣಲಿಲ್ಲ. ಮಗಳು ಮಾತ್ರ, “ಆನೆದ್ದು ಆಗದಿದ್ದರೆ ನೋಡುವ,” ಎಂದು ಬಿಟ್ಟಿದ್ದಳು.

ಹಾಗಿದ್ದರೂ ಲದ್ದಿ ಹೆಕ್ಕಲು ಒಪ್ಪಿದವಳು ಸೇವಂತಿಯೇ. ಮನೆಯ ಹಿಂದಿನ ಗುಡ್ಡೆಯಲ್ಲಿ ಅವರ ರಬ್ಬರು. ಅದರಾಚೆ ಆನೆ ಕಂದಕ, ಕಂದಕದಾಚೆ ಕಾಡು. ಬಂಡೆ ಅಡ್ಡ ಬಂದಲ್ಲಿ ಕಂದಕ ತೋಡಲು ಆಗಿರಲಿಲ್ಲ. ಆನೆಗಳಿಗೆ ಅದೇ ಗೇಟು. ಬೆಳಗ್ಗೆ ಮರ ಗೀರಿ ಹಾಲಿಳಿಸುವ ಟ್ಯಾಪಿಂಗಿಗೆ ಹೋಗುವವಳು ಅವಳು, ತಿರುಳಿನ ಆಸೆಗೆ ಬೈನೆ ಮರ ಸಿಗಿದು ಹಾಕಿ ಹೋದ ಆನೆಯ ಗುರುತು ಮೊದಲು ಕಾಣುವವಳೂ ಅವಳೇ. ಭವಿತಾ ಒಂದು ಭಾನುವಾರ ಬಂದು, ಸಣ್ಣ ಟ್ಯೂಬುಗಳನ್ನೂ ಗ್ಲೌಸನ್ನೂ ಕೊಟ್ಟು, ಹಳೆಯ ಒಣ ಲದ್ದಿಯೊಂದರ ಮೇಲೆ ಕಡ್ಡಿಯಾಡಿಸಿ ತೋರಿಸಿದ್ದಳು. ಟ್ಯೂಬಿನಲ್ಲಿ ಸ್ಪಿರಿಟ್ಟಿನ ಹಾಗೆ ವಾಸನೆ ಬರುವ ನೀರು. ಹೊಸ ಲದ್ದಿಯಾಗಬೇಕು, ಒಂದಕ್ಕೆ ಹಾಕಿದ ಕಡ್ಡಿ ಇನ್ನೊಂದಕ್ಕೆ ಹಾಕಬಾರದು, ಬರಿಗೈ ತಾಗಬಾರದು. ಬಸ್ಸಿನ ಹಾರ್ನ್ ಕೇಳಿತೆಂದು ಉಳಿದದ್ದನ್ನು ಓಡುತ್ತಲೇ ಹೇಳಿ ಹೋದಳು.

ರಬ್ಬರಿನ ಕೆಲಸ ಮಾಡಿ ಮಾಡಿ ಸೇವಂತಿಯ ಕೈಗೆ ಒಂದು ರೂಢಿ ಬಂದಿತ್ತು. ಮರದ ಬುಡಕ್ಕೆ ಹೋದರೆ ಮೊದಲು ಹಿಂದಿನ ಗೀರಿನ ಮೇಲೆ ಒಣಗಿ ಕೂತ ಹಾಲಿನ ಪಟ್ಟಿಯನ್ನು ಎಳೆದು ತೆಗೆಯುವುದು. ಹಾಲು ಬೀಳುವ ಕಪ್ಪಿನಲ್ಲಿ ಹೆಪ್ಪುಗಟ್ಟಿದ್ದನ್ನೂ ಕೀಳುವುದು. ಅದರ ಮೇಲೆ ಎಲೆ, ಇರುವೆ, ಕಸ. ಅದು ಸ್ಕ್ರಾಪು, ಬೇರೆ ಚೀಲಕ್ಕೆ. ಮೇಲಿನದ್ದು ಹೋದ ಮೇಲೆಯೇ ಒಳ್ಳೆಯ ಹಾಲು. ಹೊಸ ಲದ್ದಿಯ ಎದುರು ಕುಕ್ಕರುಗಾಲಿನಲ್ಲಿ ಕೂತಾಗಲೂ ಅವಳ ಕೈ ಅದನ್ನೇ ಮಾಡಿತು. ಲದ್ದಿಯ ಉಂಡೆಯ ಮೈಮೇಲೆ ಲೋಳೆ ಹೊಳೆಯುತ್ತಿತ್ತು, ಅದಕ್ಕೆ ನೊಣ ಮುತ್ತಿತ್ತು, ಮಣ್ಣು ಮೆತ್ತಿತ್ತು. ಯೂನಿವರ್ಸಿಟಿಗೆ ಹೋಗುವ ವಸ್ತು, ಮೇಡಮ್ಮು ನೋಡುವ ವಸ್ತು; ಹೀಗೆ ಕಳಿಸಿದರೆ ‘ಇದ್ಯಾವ ಮನೆಯವರು’ ಎಂದಾರು. ಬಿದಿರಿನ ಸೀಳಿನಿಂದ ಆ ಲೋಳೆಯನ್ನೆಲ್ಲ ಕೆರೆದು ಆಚೆ ಎಸೆದು, ಉಂಡೆಯನ್ನು ಬಿಡಿಸಿ, ಒಳಗಿನ ಹಳದಿ ನಾರನ್ನು ಚೊಕ್ಕವಾಗಿ ತೆಗೆದು ಟ್ಯೂಬಿಗೆ ಹಾಕಿದಳು. ಪ್ರತಿ ಸಲವೂ ಹಾಗೆಯೇ. ಟ್ಯೂಬುಗಳನ್ನು ಟಿಫಿನ್ ಕ್ಯಾರಿಯರಿನಲ್ಲಿ ಇಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವಾಗ, “ಇದರಲ್ಲಿ ಎಂತ ಅಕ್ಕ, ಪಾಯಸವಾ?” ಎಂದು ಅವನು ಕೇಳುವುದೂ, “ಬಾಯಿಗೆ ಹಾಕಿ ನೋಡು,” ಎಂದು ಅವಳು ಹೇಳುವುದೂ ನಡೆಯಿತು.

ಮಾರ್ಚಿನ ಕೊನೆಗೆ ಭವಿತಾ ಫೋನ್ ಮಾಡಿದಳು. ಸ್ವರ ಸಪ್ಪೆಯಾಗಿತ್ತು.

“ಅವ್ವ, ಒಂದರಲ್ಲೂ ಬರ್ಲಿಲ್ಲ.”

“ಎಂತ ಬರ್ಲಿಲ್ಲ?”

“ಆನೆಯ ಡಿಎನ್‌ಎ. ಗಿಡದ್ದು ಮಾತ್ರ ರಾಶಿ ಬಂದಿದೆ. ಮೂರು ಸಲ ಮಾಡಿದೆ. ಬಿಸಿಲಿಗೆ ಹಾಳಾಯ್ತೋ ಎಂತ ಕತೆಯೋ, ಮೇಡಂಗೂ ಗೊತ್ತಾಗುದಿಲ್ಲ.”

“ಲದ್ದಿಯಲ್ಲಿ ಆನೆಯದ್ದು ಎಲ್ಲಿಂದ ಬರ್ತದೆ? ಅದು ತಿಂದದ್ದಲ್ವಾ ಇರುದು?” ಸೇವಂತಿ ಸುಮ್ಮನೆ ಮಾತಿಗೆ ಕೇಳಿದಳು.

“ಲದ್ದಿ ಜಾರಿ ಬರುವಾಗ ಕರುಳಿನ ಗೋಡೆ ಸವರಿಕೊಂಡು ಬರ್ತದಲ್ವಾ? ಆಗ ಆನೆಯ ಜೀವಕೋಶ ಅದರ ಮೈಗೆ ಮೆತ್ತಿಕೊಳ್ತದೆ. ಆ ಲೋಳೆ ಇರ್ತದಲ್ಲ, ಹೊರಗೆ? ಅದರಲ್ಲೇ ಇರುದು. ಒಳಗೆ ಬರೀ ಹುಲ್ಲು, ನಾರು.”

ಸೇವಂತಿ ಆಗ ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು. ಬಿದಿರಿನ ಸೀಳೂ ತಾನು ಕೆರೆದು ಎಸೆದ ಲೋಳೆಯೂ ಅವಳ ಕಣ್ಣೆದುರಿಗೆ ಬಂದವು. “ಹೌದಾ,” ಎಂದಳು.

“ಮೇ ಕೊನೆಗೆ ಬರೆದು ಕೊಡ್ಬೇಕು. ‘ಬರಲಿಲ್ಲ’ ಅಂತಲೇ ಬರೆದ್ರೆ ಡಿಗ್ರಿ ಸಿಕ್ತದೆ. ಹೈದರಾಬಾದು ಸಿಕ್ಕುದಿಲ್ಲ. ಪುತ್ತೂರಿಗೇ ಹೋಗುದು ಅಂತ ಕಾಣ್ತದೆ.”

ಆ ದಿನ ಸೇವಂತಿ ಗಂಡನಿಗೂ ಏನೂ ಹೇಳಲಿಲ್ಲ. ಮಾರನೆಯ ದಿನ ಹೇಳಬಹುದಿತ್ತು, ಅದೂ ದಾಟಿತು. ತಾನು ಬೇಕೆಂದು ಮಾಡಿದ್ದಲ್ಲ ಎಂದು ಅವಳಿಗೆ ಗೊತ್ತು. ಆದರೆ ಬೇಕೆಂದು ಮಾಡಿದ್ದರೂ ಇದಕ್ಕಿಂತ ಸರಿಯಾಗಿ ಆಗುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಜೂನಿನಿಂದ ಪ್ರತಿ ಶನಿವಾರ ಸಂಜೆ ಮಗಳು ಬಸ್ಸಿಳಿಯುತ್ತಾಳೆ. ಯಾರಿಗೂ ಮೋಸವಾಗಲಿಲ್ಲ, ಯಾರ ಸೊತ್ತೂ ಹೋಗಲಿಲ್ಲ. ಬಿಸಿಲಿಗೆ ಹಾಳಾಯಿತೆಂದು ಮೇಡಮ್ಮೇ ಹೇಳುತ್ತಿರುವಾಗ ರಬ್ಬರಿನ ಹೆಂಗಸೊಬ್ಬಳು ನಡುವೆ ಮಾತಾಡುವುದು ಯಾಕೆ? ಹೀಗೆಲ್ಲ ಅಂದುಕೊಂಡು ಹಸುವಿಗೆ ಹಿಂಡಿ ಕಲಸಿದಳು. ಅಂದುಕೊಂಡದ್ದು ಒಂದೂ ಒಳಗೆ ಕೂರಲಿಲ್ಲ.

ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಭವಿತಾ ಮನೆಗೆ ಬಂದಳು. ಆನೆಯ ಸುದ್ದಿ ಎತ್ತಲಿಲ್ಲ. ಮಧ್ಯಾಹ್ನ ಚಾವಡಿಯಲ್ಲಿ ಕಾಲು ಚಾಚಿ ಕೂತು, “ಅಪ್ಪ, ಉಲ್ಲಾಸಣ್ಣನಿಗೆ ಫೋನ್ ಮಾಡಿ ಹೇಳಿ, ಜೂನಿಗೆ ಬರ್ತೇನೆ ಅಂತ,” ಎಂದಳು.

ದೇರಣ್ಣನ ಮುಖ ಅರಳಿತು. “ನಾನು ಮೊದಲೇ ಹೇಳಿದ್ದು. ಆನೆ ನಂಬಿ ಯಾರಾದರೂ ಬದುಕುದುಂಟಾ? ಅದು ಸಿಗಿದು ತಿಂದ ನಮ್ಮ ಬಾಳೆ ಅದನ್ನು ನಂಬಿತ್ತಾ?” ಎಂದು ಕನ್ನಡಕ ಹುಡುಕತೊಡಗಿದ.

ಸೇವಂತಿ ಕೈಗೆ ಎಣ್ಣೆ ಹಚ್ಚಿಕೊಂಡು ಪಲ್ಯಕ್ಕೆ ಎಳೆ ಹಲಸಿನ ಗುಜ್ಜೆ ಕೊಚ್ಚುತ್ತಿದ್ದಳು. ಕತ್ತಿ ನಿಲ್ಲಿಸದೆಯೇ ಹೇಳಿದಳು. “ಫೋನ್ ಮಾಡ್ಬೇಡಿ. ಅದು ಬಿಸಿಲಿಗೆ ಹಾಳಾದ್ದಲ್ಲ. ನಾನು ಲೋಳೆ ತೆಗೆದು ಹಾಕಿದ್ದು.”

“ಎಂತದು?” ಎಂದಳು ಭವಿತಾ.

“ಹೊರಗಿನ ಲೋಳೆ. ನೊಣ ಕೂತಿತ್ತು. ಅಷ್ಟನ್ನೂ ಕೆರೆದು ಬಿಸಾಡಿ ಒಳಗಿಂದ ತೆಗೆದು ಕಳಿಸಿದ್ದು.”

“ಎಲ್ಲದರದ್ದೂ?”

“ಎಲ್ಲದರದ್ದೂ. ಒಂದೂ ಬಿಡ್ಲಿಲ್ಲ.”

ಭವಿತಾಳ ಕಿವಿ ಕೆಂಪಾಯಿತು. “ನಾನು ತಿಂಗಳುಗಟ್ಟಲೆ ಲ್ಯಾಬಿನಲ್ಲಿ ಹುಚ್ಚು ಹಿಡಿದವಳ ಹಾಗೆ ಹುಡುಕಿದ್ದೇನೆ ಅವ್ವ. ಕೆಮಿಕಲ್ ಹಾಳೋ, ಮೆಷಿನ್ ಹಾಳೋ, ನನ್ನ ತಲೆ ಹಾಳೋ ಅಂತ. ನಾನು ಫೋನಿನಲ್ಲಿ ಹೇಳಿದಾಗ ನಿನಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನು ಪುತ್ತೂರಿನಲ್ಲಿ ಇರ್ತೀಯಲ್ಲ ಅಂತ.”

ದೇರಣ್ಣ ಕನ್ನಡಕ ಸಿಕ್ಕಿದರೂ ಹಾಕಿಕೊಳ್ಳದೆ ನಿಂತ. ಭವಿತಾ ಎದ್ದು ಅಂಗಳಕ್ಕೆ ಹೋದಳು. ಹಟ್ಟಿಯವರೆಗೆ ಹೋಗಿ, ಕರುವಿನ ಕುತ್ತಿಗೆ ತುರಿಸಿ, ತಿರುಗಿ ಬಂದಳು. ಬರುವಾಗ ಅವಳ ಬಾಯಿ ಬಿಗಿದೇ ಇತ್ತು. ಆದರೆ ತಾಯಿಯ ಎದುರು ಕೂತಾಗ ಒಮ್ಮೆಗೇ ನಗು ಬಂದುಬಿಟ್ಟಿತು. “ಆನೆ ಲದ್ದಿಯ ಸಿಪ್ಪೆ ತೆಗೆದವರು ಇಡೀ ದೇಶದಲ್ಲಿ ನೀನೊಬ್ಬಳೇ ಇರ್ಬೇಕು,” ಎಂದಳು. ನಗು ನಿಂತ ಮೇಲೆ, “ತಪ್ಪು ನನ್ನದೂ ಉಂಟು. ಒಣ ಲದ್ದಿಯಲ್ಲಿ ತೋರಿಸಿ ಬಸ್ಸಿಗೆ ಓಡಿದ್ದು ನಾನಲ್ವಾ,” ಎಂದಳು. ಬಳಿಕ ಬೆರಳು ಮಡಚದೆ, ಬಾಯಲ್ಲೇ ಲೆಕ್ಕ ಹಾಕಿದಳು. ಹೊಸ ಲದ್ದಿ ಈ ವಾರವೇ ಸಿಕ್ಕಿದರೆ ಸಮಯಕ್ಕೆ ಮುಗಿಸಬಹುದು. ಇಲ್ಲದಿದ್ದರೆ ಇಲ್ಲ.

ಆದರೆ ಆನೆ ಎಲ್ಲಿ? ಬೈನೆ ಮರ ಮುಗಿದ ಮೇಲೆ ಅವು ಈ ಕಡೆ ಬಂದಿರಲಿಲ್ಲ. ಹಲಸು ಹಣ್ಣಾದರೆ ವಾಸನೆಗೆ ಬರುತ್ತಿದ್ದವು. ಅದಕ್ಕೆಂದೇ ಕಾಡಿನ ಬದಿಯ ಮನೆಯವರೆಲ್ಲ ಸೇರಿ ಮರಗಳಿಂದ ಗುಜ್ಜೆಯನ್ನೇ ಇಳಿಸುವ ಕಟ್ಟುಪಾಡು ಮಾಡಿಕೊಂಡಿದ್ದರು. ಸೇವಂತಿಯ ಗುಡ್ಡೆಯ ತುದಿಯಲ್ಲಿ ಒಂದು ಮರ ಉಳಿದಿತ್ತು, ಅದರ ಕಾಯಿ ಬಲಿತಿತ್ತು. “ಅದನ್ನು ಹಾಗೇ ಬಿಟ್ಟರೆ ಬರ್ತದೆ,” ಎಂದಳು ಸೇವಂತಿ.

“ಬೇಡ,” ಎಂದಳು ಭವಿತಾ. “ನನ್ನ ಡಿಗ್ರಿಗೆ ಆನೆಯನ್ನು ತೀರ್ಥರಾಮಣ್ಣನ ಅಂಗಳಕ್ಕೆ ಕರೆಯುದಾ? ಅವರ ಅಮ್ಮ ಬೆಳಗ್ಗೆ ಒಬ್ಬರೇ ಹೊರಗೆ ಬರ್ತಾರೆ.”

ಆಗ ದೇರಣ್ಣ, “ತೀರ್ಥರಾಮನನ್ನೇ ಕೇಳಿದರೆ ಆಗುದಿಲ್ವಾ? ಬಲಿತ ಕಾಯಿ, ಬಿದ್ದ ಹಣ್ಣು ಎಲ್ಲ ಅವನೇ ಪಿಕಪ್ಪಿನಲ್ಲಿ ಕೊಂಡುಹೋಗಿ ಎಲ್ಲಿಯೋ ಹಾಕುದಲ್ಲ?” ಎಂದ.

ತೀರ್ಥರಾಮ ಅಂದೇ ಸಂಜೆ ಬಂದ. ಸಂಗತಿ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕ. “ಸೇವಂತಕ್ಕಾ, ನೀವು ಆನೆಗೂ ಸ್ನಾನ ಮಾಡಿಸ್ತೀರಿ ನೋಡಿ!” ಎಂದ. ನಕ್ಕು ಮುಗಿದ ಮೇಲೆ ಸ್ವರ ಇಳಿಸಿ ಹೇಳಿದ. “ಹಾಕುದು ಬಂಡೆಯಿಂದ ಬಹಳ ಆಚೆ, ಮರದ ಲಾರಿ ಹೋಗ್ತಿದ್ದ ಹಳೆ ಕೂಪಿನ ರಸ್ತೆಯ ಕೊನೆಯಲ್ಲಿ. ಅಲ್ಲಿಯೇ ತಿಂದು ಅಲ್ಲಿಯೇ ಇರ್ಲಿ ಅಂತ. ಧರ್ಮಪಾಲನಿಗೆ ಗೊತ್ತಾದರೆ ಬೈತಾನೆ. ನಿನ್ನೆ ಹಾಕಿದ್ದೇನೆ. ಇವತ್ತು ತಿಂದಿರ್ಬೇಕು.”

ಧರ್ಮಪಾಲ ಅರಣ್ಯ ಇಲಾಖೆಯ ವಾಚರ್. ಅವನಿಲ್ಲದೆ ಬಂಡೆ ದಾಟುವ ಹಾಗಿರಲಿಲ್ಲ. ಅವನಿಗೆ ಹೇಳಲೇಬೇಕಾಯಿತು, ಅವನು ಬೈದೇ ಬೈದ. “ಆನೆಗೆ ಮದುವೆ ಊಟ ಬಡಿಸುದಾ ನೀವು? ಇವತ್ತು ಹಲಸು ಕೊಟ್ಟರೆ ನಾಳೆ ಅದು ಕೈತೊಳೆಯಲಿಕ್ಕೆ ನಿಮ್ಮ ಬಾವಿಕಟ್ಟೆಗೇ ಬರ್ತದೆ,” ಎಂದ. ತೀರ್ಥರಾಮ ನೆಲ ನೋಡಿದ. ಬೈದು ಮುಗಿಸಿ ಧರ್ಮಪಾಲ, “ನಾಳೆ ಬಿಸಿಲು ಬಿದ್ದ ಮೇಲೆ ಹೊರಡುವ. ನಾನು ನಿಲ್ಲು ಅಂದಲ್ಲಿ ನಿಲ್ಬೇಕು, ಓಡು ಅಂದರೆ ಓಡ್ಬೇಕು. ಸೀರೆ ಉಟ್ಕೊಂಡು ಬರ್ಬೇಡಿ ಅಕ್ಕ,” ಎಂದ.

ಸೇವಂತಿ ಟ್ಯಾಪಿಂಗಿಗೆ ಹಾಕುವ ಗಂಡನ ಹಳೆಯ ಅಂಗಿ, ಪ್ಯಾಂಟು ಹಾಕಿಕೊಂಡಳು. ಕೂಪಿನ ರಸ್ತೆಯಲ್ಲಿ ಧರ್ಮಪಾಲ ಮುಂದೆ, ತಾಯಿ ಮಗಳು ನಡುವೆ, ತೀರ್ಥರಾಮ ಹಿಂದೆ. ಒಂದು ತಿರುವಿನಲ್ಲಿ ಧರ್ಮಪಾಲ ಕೈ ಎತ್ತಿದ. ಕೆಳಗಿನ ತೋಡಿನ ಕಡೆಯಿಂದ ಬಿದಿರು ಮುರಿಯುವ ಸದ್ದು. ನಾಲ್ವರೂ ಅಲ್ಲೇ ನಿಂತರು. ಸದ್ದು ದೂರವಾಗುತ್ತ ಹೋಗಿ ನಿಂತ ಮೇಲೂ ಧರ್ಮಪಾಲ ಒಂದು ಬೀಡಿ ಪೂರ್ತಿ ಸೇದಿಯೇ ಕಾಲು ಎತ್ತಿದ್ದು.

ರಸ್ತೆಯ ಕೊನೆಯಲ್ಲಿ ಹಲಸಿನ ಸಿಪ್ಪೆ, ರಚ್ಚೆ, ತುಳಿದು ಚಪ್ಪಟೆಯಾದ ಸೊಳೆ, ಅದರ ಸುತ್ತ ಅಲ್ಲಲ್ಲಿ ಲದ್ದಿ. ಕೆಲವು ಹಿಂದಿನ ದಿನದ್ದು, ಕೆಲವು ಆಗಿನದ್ದು. ಆಗಿನದ್ದರಿಂದ ಇನ್ನೂ ಹಬೆ ಬರುತ್ತಿತ್ತು. ಭವಿತಾ ಗ್ಲೌಸ್ ಹಾಕಿ, ಒಂದು ಉಂಡೆಯ ಮೈಯನ್ನು ಕಡ್ಡಿಯಿಂದ ತೆಳ್ಳಗೆ ಸವರಿ ತೋರಿಸಿದಳು. ಸೇವಂತಿ ಇನ್ನೊಂದಕ್ಕೆ ಕೂತಳು. ನೊಣ ಕಂಡು ಅವಳ ಕೈ ತಾನಾಗಿ ಆಚೆ ಸರಿಯಿತು.

“ಒಳಗೆ ಹೋಗ್ಬೇಡ ಅವ್ವ. ಮೇಲೆ, ಮೇಲೆ.”

“ಹುಳ ಉಂಟಲ್ಲ.”

“ಇರ್ಲಿ. ಹುಳವನ್ನು ಬಿಟ್ಟು ಅದರ ಪಕ್ಕದ್ದು ತೆಗಿ.”

“ಇಷ್ಟು ಗಲೀಜನ್ನು ನೀನು ದಿನಾ ಮುಟ್ಟುದಾ?”

“ದಿನಾ ಎಲ್ಲಿ? ಸಿಕ್ಕಿದರೆ ಪುಣ್ಯ.”

ಸೇವಂತಿ ಮಗಳ ಮುಖ ನೋಡಿದಳು. ಮಂಡಿಗೆ ಕೆಸರು, ಹಣೆಗೆ ಜೇಡರ ಬಲೆ, ಟ್ಯೂಬಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಬಾರದೆಂದು ಕಿರುಬೆರಳಿನಲ್ಲಿ ಒತ್ತಿ ಹಿಡಿದ ರೀತಿ. ಪುತ್ತೂರಿನ ಲ್ಯಾಬಿನ ತಂಪು ಕೋಣೆಯಲ್ಲಿ ಬಿಳಿ ಕೋಟು ಹಾಕಿ ಕೂತ ಮಗಳನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದಳು. ಇದನ್ನು ನೋಡಿರಲಿಲ್ಲ.

ಭವಿತಾ ಅದೇ ದಿನ ಟ್ಯೂಬುಗಳೊಂದಿಗೆ ಹೋದಳು. ಕಂಡಕ್ಟರನ ಕೈಗೆ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಹೋದಳು.

ಮೇ ತಿಂಗಳು ಬಂತು. ರಿಸಲ್ಟ್ ಬಂದಿರಲಿಲ್ಲ. ಒಂದು ಬೆಳಗ್ಗೆ ಉಲ್ಲಾಸನ ಫೋನು. “ಅಕ್ಕ, ಕಡಬದ ಒಂದು ಹುಡುಗಿ ಬಂದಿದ್ದಾಳೆ. ಇದೇ ಮೆಷಿನ್ ಗೊತ್ತುಂಟು ಅವಳಿಗೆ. ಭವಿತಾ ಬರುದಾದರೆ ನಾನು ಇವಳಿಗೆ ಇಲ್ಲ ಅಂತೇನೆ. ಎಂತ ಹೇಳ್ತೀರಿ? ಎದುರಿಗೇ ಕೂತಿದ್ದಾಳೆ.”

“ಭವಿತಾಳಿಗೆ ಫೋನ್ ಮಾಡಿ ಕೇಳ್ಬಹುದಲ್ಲ.”

“ಮಾಡಿದೆ. ಎತ್ತುದಿಲ್ಲ.”

ಲ್ಯಾಬಿನ ಒಳಗೆ ಹೋದರೆ ಅವಳು ಫೋನ್ ಹೊರಗಿಡುತ್ತಾಳೆ, ಸಂಜೆಯವರೆಗೆ ಸಿಕ್ಕುವುದಿಲ್ಲ ಎಂಬುದು ಸೇವಂತಿಗೆ ಗೊತ್ತಿತ್ತು. ಸಂಜೆಯವರೆಗೆ ನಿಲ್ಲಿ ಎನ್ನಬಹುದಿತ್ತು, ಉಲ್ಲಾಸ್ ನಿಲ್ಲುತ್ತಿದ್ದ. ನಿಂತರೆ, ರಿಸಲ್ಟ್ ತಡವಾದರೆ, ಕೈಯಲ್ಲಿದ್ದ ಸೀಟನ್ನು ಮಗಳು ಹೆದರಿ ಹಿಡಿದುಕೊಂಡಾಳು. ಹಿಡಿದುಕೊಳ್ಳಲಿ ಎಂದು ಈಗಲೂ ಒಳಗೊಂದು ಸ್ವರ ಹೇಳುತ್ತಿತ್ತು. ಮಾರ್ಚಿನಲ್ಲಿ ಬಾಯಿ ಮುಚ್ಚಿಸಿದ್ದೂ ಅದೇ ಸ್ವರ ಎಂದು ಅವಳಿಗೆ ಈಗ ಗುರುತಿತ್ತು.

“ಆ ಹುಡುಗಿಗೇ ಕೊಡಿ ಉಲ್ಲಾಸ್.”

“ಹೌದಾ? ಹಾಗಾದರೆ ಹೈದರಾಬಾದು ಗಟ್ಟಿ ಆಯ್ತಾ?”

“ಇಲ್ಲ. ಎಂತದೂ ಆಗ್ಲಿಲ್ಲ.”

“ಮತ್ತೆ?”

“ನೀವು ಅವಳಿಗೆ ಕೊಡಿ ಮಾರಾಯ್ರೆ. ಪಾಪ, ಕಾದು ಕೂತಿದ್ದಾಳಲ್ಲ,” ಎಂದು ಸೇವಂತಿ ಫೋನ್ ಇಟ್ಟಳು. ದೇರಣ್ಣ ಅಂಗಳದಿಂದ ಕೇಳಿಸಿಕೊಂಡಿದ್ದ. “ನಿನಗೆ ತಲೆ ಸಮ ಉಂಟಾ?” ಎಂದು ಒಮ್ಮೆ ಕೇಳಿ, ಸ್ಪ್ರಿಂಕ್ಲರ್ ತಿರುಗಿಸಲು ಹೋದ.

ಭವಿತಾಳ ಫೋನ್ ಬಂದದ್ದು ವಾರ ಕಳೆದು. ಹಿಂದಿನಿಂದ ಯಾರೋ ಹುಡುಗಿಯರ ಗಲಾಟೆ.

“ಅವ್ವ, ಬಂತು! ಎಲ್ಲದರಲ್ಲಿ ಅಲ್ಲ, ಹೆಚ್ಚಿನದ್ದರಲ್ಲಿ. ಅಲ್ಲಿದ್ದದ್ದು ಒಂದೇ ಆನೆ ಅಲ್ಲ, ಮೂರು. ಎರಡು ಹೆಣ್ಣು, ಒಂದು ಗಂಡು. ತೀರ್ಥರಾಮಣ್ಣನಿಗೆ ಹೇಳು. ಮೇಡಂ ಹೈದರಾಬಾದಿಗೆ ಬರೆದಿದ್ದಾರೆ. ಇಂಟರ್‌ವ್ಯೂ ಉಂಟು, ಅದು ಸುಮ್ಮನೆ ಹೆಸರಿಗೆ ಅಂತೆ. ಉಲ್ಲಾಸಣ್ಣನಿಗೆ ನಾನೇ ಹೇಳ್ತೇನೆ.”

“ಅವನಿಗೆ ಹೇಳಿ ಆಗಿದೆ. ಸೀಟು ಬೇರೆಯವರಿಗೆ ಹೋಯ್ತು.”

“ಯಾವಾಗ?”

“ಹೋದ ವಾರ.”

ಆಚೆ ಕಡೆಯ ಗಲಾಟೆ ದೂರವಾಯಿತು; ಭವಿತಾ ಫೋನ್ ಹಿಡಿದು ಹೊರಗೆ ಬಂದಿರಬೇಕು. “ಹೋದ ವಾರ ರಿಸಲ್ಟೇ ಇರ್ಲಿಲ್ವಲ್ಲ ಅವ್ವ. ಇದೂ ಬಾರದಿದ್ದರೆ ನಾನು ಎಂತ ಮಾಡ್ಬೇಕಿತ್ತು?”

“ಎಂತ ಮಾಡುದು? ಆನೆ ಎಲ್ಲಿಗೆ ಹೋಗ್ತದೆ? ಪುನಃ ಬರ್ತಿತ್ತು,” ಎಂದಳು ಸೇವಂತಿ. “ಹೈದರಾಬಾದಿಗೆ ರೈಲು ಎಲ್ಲಿಂದ? ನೆಟ್ಟಣದಲ್ಲಿ ಹತ್ತಿದರೆ ಆಗ್ತದಾ, ಮಂಗಳೂರಿಗೇ ಹೋಗ್ಬೇಕಾ?”